ಬಾಬು ಎಂದು ಬರೆಸಿದ ಅಕ್ಕ

ಎದುರು ಮನೆಯ ಬಾಯಮ್ಮ ಯಾರ ಕೈಯನ್ನೂ ಹಿಡಿಯುತ್ತಿರಲಿಲ್ಲ, ಮಣಿಕಟ್ಟನ್ನು ಹಿಡಿಯುತ್ತಿದ್ದರು. ರಸ್ತೆ ದಾಟುವಾಗ, ಲಿಫ್ಟಿನಿಂದ ಹೊರಬರುವಾಗ, ಇಗರ್ಜಿಯ, ಅಂದರೆ ಚರ್ಚಿನ, ಮೆಟ್ಟಿಲು ಹತ್ತುವಾಗ ಅವರ ಬಲಗೈಯ ಐದು ಬೆರಳುಗಳು ಪಕ್ಕದವರ ಮಣಿಕಟ್ಟಿನ ಸುತ್ತ ಬಿಗಿಯಾಗಿ ಕೂಡಿಕೊಳ್ಳುತ್ತಿದ್ದವು. ತೊಂಬತ್ತರ ಹತ್ತಿರ ಬಂದಿದ್ದ ಆ ಕೈಯ ಚರ್ಮ ಸಡಿಲಾಗಿತ್ತು, ಗೆಣ್ಣುಗಳು ಶುಂಠಿಯ ಬೇರಿನಂತೆ ಉಬ್ಬಿದ್ದವು. ಆದರೆ ಹಿಡಿತಕ್ಕೆ ವಯಸ್ಸಾಗಿರಲಿಲ್ಲ. ಒಮ್ಮೆ ನೋವು ತಾಳಲಾರದೆ ನಾನು ಕೈ ಎಳೆದುಕೊಂಡಾಗ ಅವರು ಹೇಳಿದ್ದರು: “ಅಂಗೈ ಬೆವರ್ತದೆ ಮಾರಾಯ್ರೆ. ಬೆವರಿದ್ರೆ ಜಾರ್ತದೆ. ಇದು ಜಾರುದಿಲ್ಲ.”

ಸಿಡ್ನಿಯ ಎಪ್ಪಿಂಗ್‌ನಲ್ಲಿ, ಮಗಳ ಅಪಾರ್ಟ್‌ಮೆಂಟಿನ ಮೂರನೆಯ ಮಹಡಿಯಲ್ಲಿ, ನಮ್ಮ ಬಾಗಿಲಿಗೆ ಎದುರು ಬಾಗಿಲು ಅವರದು. ಮಂಗಳೂರು ಕಡೆಯ ಕೊಂಕಣಿ ಕ್ರೈಸ್ತರು; ಗಂಡ ತೀರಿಕೊಂಡ ಮೇಲೆ ಮಗನ ಬಳಿಗೆ ಬಂದವರು. ‘ಬಾಯಮ್ಮ’ ಎಂಬುದು ಅವರ ಸಮುದಾಯದ ಹಿರಿಯ ಹೆಂಗಸರನ್ನು ಆ ಕಡೆಯವರು ಗೌರವದಿಂದ ಕರೆಯುವ ರೀತಿ. ಧಾರವಾಡದವನಾದ ನನಗೆ ಅದು ಗೊತ್ತಿರಲಿಲ್ಲ. ಮೊದಲ ದಿನ ಇಲ್ಲಿಯ ರೂಢಿಯಂತೆ ‘ಆಂಟಿ’ ಎಂದೆ. “ನಿಮ್ಮ ತಲೆ ನನ್ನದಕ್ಕಿಂತ ಬಿಳಿ ಉಂಟು, ಆಂಟಿಯಂತೆ ಆಂಟಿ!” ಎಂದು ಗದರಿಸಿ ತಿದ್ದಿದರು. ಮರುಕ್ಷಣವೇ ಕೇಳಿದರು: “ನಿಮ್ಮ ಪೂರ್ತಿ ಹೆಸರು?”

ಅದನ್ನು ಅವರು ಎಲ್ಲರನ್ನೂ ಕೇಳುತ್ತಿದ್ದರು. ಪಾರ್ಸೆಲ್ ತರುವ ಪಂಜಾಬಿ ತರುಣನನ್ನು, ನಲ್ಲಿ ರಿಪೇರಿಗೆ ಬಂದವನನ್ನು, ಬಸ್ಸಿನಲ್ಲಿ ಸೀಟು ಬಿಟ್ಟುಕೊಟ್ಟ ಚೀನೀ ಹುಡುಗಿಯನ್ನು. ತಂದೆಯ ಹೆಸರು, ಮನೆತನದ ಹೆಸರು, ಎಲ್ಲವೂ ಬೇಕು. ಹೇಳಿದ್ದನ್ನು ಎರಡು ಸಲ ಬಾಯಿಬಿಟ್ಟು ಉಚ್ಚರಿಸಿ, ತಲೆಯಾಡಿಸಿ, ಆಮೇಲೆಯೇ ಮುಂದಿನ ಮಾತು.

ನನ್ನ ಸ್ವಭಾವವನ್ನೂ ಇಲ್ಲಿ ಹೇಳಬೇಕು, ಏಕೆಂದರೆ ನಡೆದದ್ದರಲ್ಲಿ ಅದರ ಪಾಲು ದೊಡ್ಡದು. ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು. ಕೋರ್ಟಿನ ಆವರಣದ ಹೊರಗೆ ಟೈಪ್‌ರೈಟರ್ ಇಟ್ಟುಕೊಂಡು ಮೂವತ್ತೆಂಟು ವರ್ಷ ಅರ್ಜಿ, ಪ್ರಮಾಣಪತ್ರಗಳನ್ನು ಬರೆದುಕೊಟ್ಟವನು. ದೇವರ ಮೇಲೆ ಆಣೆಯಿಟ್ಟು ಹೇಳಿದ ಮಾತುಗಳನ್ನೇ ಅಷ್ಟು ವರ್ಷ ಬೆರಳಚ್ಚು ಮಾಡಿದವನಿಗೆ ಯಾವ ಮಾತನ್ನೂ ಹಾಗೆಯೇ ನಂಬುವ ಶಕ್ತಿ ಉಳಿಯುವುದಿಲ್ಲ. ಓದಿದ್ದೆಲ್ಲ ಸ್ವಂತ ಓದು. ಗುರುವಿಲ್ಲದ್ದರಿಂದ ಯಾರ ಮಾತನ್ನೂ ಒಪ್ಪಲೇಬೇಕಾದ ಋಣವೂ ನನಗಿರಲಿಲ್ಲ. ಚರಿತ್ರೆಯ ಪುಸ್ತಕವನ್ನು ನಾನು ಎದುರು ಪಕ್ಷದ ಹೇಳಿಕೆಯೆಂದೇ ಓದುತ್ತೇನೆ.

“ನೀವು ದೇವರ ಹತ್ರವೂ ಸಾಕ್ಷಿ ಕೇಳ್ತೀರಿ,” ಎಂದು ಬಾಯಮ್ಮ ಛೇಡಿಸುತ್ತಿದ್ದರು.

“ಕೇಳಬಾರದೇನ್ರೀ? ಅಂವಾ ಏನು ಸುಪ್ರೀಂ ಕೋರ್ಟಿಗಿಂತ ದೊಡ್ಡಾಂವೇನು?”

“ಹೋಗಿ ಹೋಗಿ. ಸತ್ತ ಮೇಲೆ ಅಲ್ಲಿ ನಿಮಗೆ ಟೈಪ್‌ರೈಟರ್ ಕೊಡ್ಲಿಕ್ಕಿಲ್ಲ.”

ಅವರ ತಮ್ಮನ ಕಥೆ ನನಗೆ ಒಂದೇ ದಿನ ಸಿಕ್ಕಿದ್ದಲ್ಲ. ಮಧ್ಯಾಹ್ನಗಳಲ್ಲಿ, ಇಬ್ಬರ ಮನೆಯವರೂ ಕೆಲಸಕ್ಕೆ ಹೋದ ಮೇಲೆ, ಅವರ ಬಾಲ್ಕನಿಯಲ್ಲಿ ಕುಳಿತು ಬೀನ್ಸ್ ಸೋಸುತ್ತಲೋ ಮೀನಿಗೆ ಉಪ್ಪು ಹಚ್ಚುತ್ತಲೋ ಅವರು ಹೇಳಿದ ಚೂರುಗಳನ್ನು ನಾನು ಜೋಡಿಸಿಕೊಂಡೆ. ಅವರ ತಂದೆ ರಂಗೂನಿನ ಬಂದರು ಕಚೇರಿಯಲ್ಲಿ ಗುಮಾಸ್ತ. ಎರಡನೆಯ ಮಹಾಯುದ್ಧದಲ್ಲಿ ಜಪಾನೀಯರು ಬಾಂಬು ಹಾಕಿದ ಮೇಲೆ ತಂದೆ ಅಲ್ಲೇ ಉಳಿದು ತಾಯಿಯನ್ನೂ ಇಬ್ಬರು ಮಕ್ಕಳನ್ನೂ ಭಾರತದ ಕಡೆಗೆ ಹೊರಟ ಜನರೊಂದಿಗೆ ಕಳುಹಿಸಿದರು. ಅಕ್ಕನಿಗೆ ಏಳು, ತಮ್ಮನಿಗೆ ನಾಲ್ಕು. ರೈಲು ಇದ್ದಷ್ಟು ದೂರ ರೈಲು. ಅಲ್ಲಿಂದ ಮಣಿಪುರದ ಬೆಟ್ಟಗಳನ್ನು ಕಾಲ್ನಡಿಗೆಯಲ್ಲಿ ದಾಟಬೇಕು. ದಾರಿಯಲ್ಲಿ ತಾಯಿಗೆ ವಾಂತಿಭೇದಿ ಹತ್ತಿತು. “ಅಮ್ಮ ಒಂದು ಕಲ್ಲಿಗೆ ಒರಗಿ ಕೂತ್ರು. ಮುಂದೆ ಹೋಗಿ, ನಾನು ಬರ್ತೇನೆ ಅಂದ್ರು. ತಮ್ಮನ ಕೈ ಬಿಡ್ಬೇಡ ಅಂದ್ರು. ಅಷ್ಟೇ.”

ಆ ಏಳು ವರ್ಷದ ಹುಡುಗಿ ಎಷ್ಟು ದಿನವೋ ತಮ್ಮನ ಮಣಿಕಟ್ಟು ಹಿಡಿದು ನಡೆದಳು. ಕಡೆಗೆ ಮತ್ತೆ ರೈಲು ಸಿಗುವ ಊರಿನ ಶಿಬಿರ ತಲುಪಿದಾಗ ಹುಡುಗನ ಮೈ ಸುಡುತ್ತಿತ್ತು. ಕಾಯಿಲೆಯ ಮಕ್ಕಳನ್ನು ಆಸ್ಪತ್ರೆಗೆ ಒಯ್ಯಲು ಲಾರಿ ನಿಂತಿತ್ತು. ಒಬ್ಬ ಗುಮಾಸ್ತ ಚೀಟಿಗಳಲ್ಲಿ ಹೆಸರು ಬರೆದು ದಾರ ಪೋಣಿಸಿ ಮಕ್ಕಳ ಕೊರಳಿಗೆ ಕಟ್ಟುತ್ತಿದ್ದ. ಇವನ ಹೆಸರೇನು ಎಂದು ಕೇಳಿದ. ಅಕ್ಕ ಹೇಳಿದಳು: ಬಾಬು.

ಅವರ ಮನೆಗಳಲ್ಲಿ ಸಣ್ಣ ಗಂಡುಮಗುವನ್ನು ಕರೆಯುವುದೇ ಹಾಗೆ. ಇಗರ್ಜಿಯಲ್ಲಿ ಇಟ್ಟ ಹೆಸರು ಸಾಲ್ವದೋರ್ ಇನಾಸ್. ಅದಕ್ಕೆ ತಂದೆಯ ಹೆಸರು, ಮನೆತನದ ಹೆಸರು ಸೇರುತ್ತದೆ. ಪ್ರತಿ ಸಂಜೆಯ ಪ್ರಾರ್ಥನೆಯ ಕಡೆಯಲ್ಲಿ ತಾಯಿ ಒಬ್ಬೊಬ್ಬರನ್ನೂ ಪೂರ್ತಿ ಹೆಸರು ಹೇಳಿ ದೇವರಿಗೆ ಒಪ್ಪಿಸುತ್ತಿದ್ದುದರಿಂದ ಅಕ್ಕನಿಗೆ ಅದು ಕಂಠಪಾಠವಾಗಿತ್ತು. ಆದರೆ ಅದು ದೇವರಿಗೆ ಹೇಳುವ ಹೆಸರು. ಮನುಷ್ಯರು ಕೇಳಿದರೆ ಬಾಯಿಗೆ ಬರುವುದು ಮನೆಯ ಹೆಸರು. ಗುಮಾಸ್ತನ ಸೀಮೆಯಲ್ಲೂ ಮಕ್ಕಳನ್ನು ಬಾಬು ಎನ್ನುತ್ತಿದ್ದುದರಿಂದ ಅವನೂ ಎರಡನೆಯ ಮಾತು ಕೇಳದೆ ಬರೆದುಕೊಂಡ. ನರ್ಸ್ ಬಂದಳು. ಹುಡುಗಿ ಕೈ ಬಿಡಲಿಲ್ಲ.

“ಬೆರಳು ಒಂದೊಂದೇ ಬಿಡಿಸಿದ್ಳು ಅವಳು. ಮೊದಲು ಕಿರುಬೆರಳು. ಆಮೇಲೆ ಅದರ ಪಕ್ಕದ್ದು. ಹಾಗೆ.”

ಅಕ್ಕನನ್ನು ಬೇರೆ ರೈಲಿನಲ್ಲಿ ಕಲ್ಕತ್ತೆಯ ಕಾನ್ವೆಂಟಿಗೆ ಕಳುಹಿಸಿದರು. ಶಾಲೆಗೆ ಹೋಗುತ್ತಿದ್ದವಳಾದ್ದರಿಂದ ತನ್ನ ಪೂರ್ತಿ ಹೆಸರನ್ನು ಕೇಳಿದವರಿಗೆ ಹೇಳಬೇಕೆಂದು ಅವಳಿಗೆ ಕಲಿಸಿದ್ದರು. ಆ ಹೆಸರು ಹಿಡಿದು ಮಂಗಳೂರಿನಿಂದ ಸೋದರಮಾವ ಬಂದು ಕರೆದೊಯ್ದರು. ತಾಯಿ ತಂದೆ ಇಬ್ಬರೂ ಮರಳಲಿಲ್ಲ. ಮಾವ ಹುಡುಗನನ್ನೂ ಹುಡುಕಿದರು. ಆಸ್ಪತ್ರೆಯ ಪುಸ್ತಕದ ಒಂದೇ ಪುಟದಲ್ಲಿ ಮೂವರು ಬಾಬುಗಳಿದ್ದರಂತೆ. ಒಬ್ಬನ ಹೆಸರಿನ ಮುಂದೆ ತೀರಿಕೊಂಡನೆಂದು ಬರೆದಿತ್ತು, ಒಬ್ಬನನ್ನು ಅನಾಥಾಲಯಕ್ಕೆ ಕಳುಹಿಸಿದ್ದರು, ಇನ್ನೊಬ್ಬನ ಮುಂದೆ ಏನೂ ಬರೆದಿರಲಿಲ್ಲ. ತಮ್ಮ ಯಾವ ಬಾಬು? ಎಂಬತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಆ ಹೆಂಗಸು ಕೇಳಿಕೊಂಡ ಪ್ರಶ್ನೆ ಅದೊಂದೇ. ಅವನು ಬದುಕಿದನೋ ಇಲ್ಲವೋ ಎಂದು ತಿಳಿದ ಮೇಲೆ ಸಾಯಬೇಕು ಎಂಬುದು ಅವರಿಗಿದ್ದ ಒಂದೇ ಆಸೆ.

ಇದನ್ನು ಕೇಳಿ ನಾನು ಮಾಡಿದ್ದೇನು? ಪ್ಯಾರಮಟ್ಟಾದ ಲೈಬ್ರರಿಗೆ ಹೋಗಿ ಆ ವಲಸೆಯ ಬಗ್ಗೆ ಸಿಕ್ಕ ಪುಸ್ತಕಗಳನ್ನೆಲ್ಲ ತಂದು, ನಿಘಂಟು ಪಕ್ಕಕ್ಕಿಟ್ಟುಕೊಂಡು ಒಂದು ಚಳಿಗಾಲವಿಡೀ ಓದಿದೆ. ಮಕ್ಕಳ ಕೊರಳಿಗೆ ಚೀಟಿ ಕಟ್ಟಿದ ಸಂಗತಿ ನಾನು ಓದಿದ ಯಾವ ಪುಟದಲ್ಲೂ ಇರಲಿಲ್ಲ. ಮರುದಿನವೇ ಬಾಲ್ಕನಿಯಲ್ಲಿ ತೀರ್ಪು ಓದಿದೆ.

“ಬಾಯಮ್ಮ, ಸಿಟ್ಟಾಗಬ್ಯಾಡ್ರಿ. ಕೊರಳಿಗೆ ಚೀಟಿ ಕಟ್ಟಿಕೊಂಡ ಹುಡುಗರ ಫೋಟೋ ಇರತಾವಲ್ಲ, ಯುದ್ಧದ ಕಾಲದ ಇಂಗ್ಲೆಂಡಿನವು, ಅವನ್ನ ನೀವು ಎಲ್ಲೋ ನೋಡೀರಿ. ಅದು ನಿಮ್ಮ ನೆನಪಿನೊಳಗ ಕೂಡಿಕೊಂಡದ. ಚೀಟಿನೂ ಇರಲಿಕ್ಕಿಲ್ಲ, ನೀವು ಬಾಬು ಅಂತ ಬರೆಸಿದ್ದೂ ಇರಲಿಕ್ಕಿಲ್ಲ. ಸುಮ್ಮನ ನಿಮ್ಮ ತಲಿ ಮ್ಯಾಲೆ ತಪ್ಪು ಹೊತ್ತುಕೊಂಡೀರಿ.”

ನಾನು ಅವರ ಹೊರೆ ಇಳಿಸುತ್ತಿದ್ದೇನೆಂದೇ ನಂಬಿದ್ದೆ. ಅವರು ಬೀನ್ಸ್ ಬುಟ್ಟಿಯನ್ನು ಕೆಳಗಿಟ್ಟು ಕೇಳಿದರು: “ಆ ಪುಸ್ತಕ ಬರೆದವ ಅಲ್ಲಿ ಇದ್ದನಾ?” ಆಮೇಲೆ ಎದ್ದು ನಿಂತು, “ನನಗೆ ತಮ್ಮನ ಬಗ್ಗೆ ಉಳಿದದ್ದು ಆ ತಪ್ಪು ಒಂದೇ. ಅದನ್ನೂ ತೆಗೀತೀರಾ ನೀವು?” ಎಂದು ಒಳಗೆ ಹೋದರು. ಮೂರು ವಾರ ಎದುರು ಬಾಗಿಲು ನನಗೆ ತೆರೆಯಲಿಲ್ಲ.

ಆ ಮೌನದ ನಡುವೆ ಮೊಮ್ಮಗಳ ಶಾಲೆಯ ಪ್ರವಾಸ ಬಂತು. ಐದನೆಯ ತರಗತಿಯ ಮಕ್ಕಳು ಒಂದು ದಿನದ ಮಟ್ಟಿಗೆ ಯುದ್ಧಕಾಲದ ಮಕ್ಕಳಾಗಬೇಕು. ಜಪಾನಿನ ಭಯದಿಂದ ಸಿಡ್ನಿಯ ಕಡಲಂಚಿನ ಮನೆಗಳವರು ಮಕ್ಕಳನ್ನು ಒಳನಾಡಿಗೆ ಕಳುಹಿಸಿದ ಕಾಲವನ್ನು ಅನುಭವಿಸಬೇಕು. ನಗರದ ಅಂಚಿನ ಹಳೆಯ ಸ್ಟೇಷನ್ನಿನಿಂದ ಹಬೆಯ ರೈಲು ಹತ್ತಿ, ಮುಂದಿನ ಊರಿನಲ್ಲಿ ಇಳಿದರೆ, ಹಳೆಯ ಟೋಪಿ ತೊಟ್ಟ ಪಾಲಕರು ತಮಗೆ ಬೇಕಾದ ಮಕ್ಕಳನ್ನು ಆರಿಸಿಕೊಂಡು ‘ಮನೆಗೆ’ ಕರೆದೊಯ್ಯುತ್ತಾರೆ. ಸಹಾಯಕ್ಕೆ ಅಜ್ಜ ಅಜ್ಜಿಯರು ಬರಬಹುದು. ಶಾಲೆ ಕಳುಹಿಸಿದ ಹಾಳೆಯನ್ನು ನಾನು ಓದಿದೆ. ಮಕ್ಕಳನ್ನು ಸುರಕ್ಷಿತ ಸ್ಥಳಕ್ಕೆ ಕಳುಹಿಸಲಾಯಿತು, ಅವರು ಹೊಸ ಗೆಳೆಯರನ್ನು ಪಡೆದರು, ಯುದ್ಧ ಮುಗಿದ ಮೇಲೆ ಸಂತೋಷದಿಂದ ಮನೆಗೆ ಮರಳಿದರು ಎಂದಿತ್ತು.

“ಎಲ್ಲಾರೂ ಮರಳಿದ್ರಂತ ಇವರಿಗೆ ಹೇಳಿದವರ್‍ಯಾರು?” ಎಂದೆ.

“ಅಜ್ಜಾ, ಇಟ್ಸ್ ಜಸ್ಟ್ ಪ್ರಿಟೆಂಡ್!” ಎಂದಳು ಮೊಮ್ಮಗಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ. ಉತ್ತರ ಮಾತ್ರ ಹೆಚ್ಚಾಗಿ ಇಂಗ್ಲಿಷಿನಲ್ಲಿ.

ಆ ಹಾಳೆಯನ್ನು ಹಿಡಿದುಕೊಂಡು ನಾನು ಎದುರು ಬಾಗಿಲು ತಟ್ಟಿದೆ. ಅದು ರಾಜಿಯ ನೆವ ಎಂದು ಆಗ ನನಗೆ ನಾನೇ ಹೇಳಿಕೊಂಡಿದ್ದೆ. ಈಗ ಪ್ರಾಮಾಣಿಕವಾಗಿ ಬರೆಯುವುದಾದರೆ, ಅದರಲ್ಲಿ ಪರೀಕ್ಷೆಯೂ ಇತ್ತು. ಚೀಟಿ ಕಟ್ಟಿದ ಮಕ್ಕಳನ್ನು ಕಣ್ಣಾರೆ ಕಂಡರೆ ಅವರ ನೆನಪು ಏನು ಹೇಳುತ್ತದೆ ಎಂದು ನೋಡುವ ಕುತೂಹಲ. ಬಾಯಮ್ಮ ಹಾಳೆಯನ್ನು ತುಂಬಾ ಹೊತ್ತು ನೋಡಿ, “ನಾನೂ ಬರ್ತೇನೆ,” ಎಂದರು.

ಪ್ಲಾಟ್‌ಫಾರ್ಮಿನಲ್ಲಿ ಮಕ್ಕಳು ಅಜ್ಜಂದಿರ ಉಣ್ಣೆಯಂಗಿಗಳನ್ನು ತೊಟ್ಟು, ಹೆಗಲಿಗೆ ರಟ್ಟಿನ ಪೆಟ್ಟಿಗೆ ತಗುಲಿಸಿಕೊಂಡು ಗದ್ದಲ ಮಾಡುತ್ತಿದ್ದರು. ಟೀಚರ್ ತಲೆಗೆ ಕಬ್ಬಿಣದ ಟೋಪಿ ಇಟ್ಟುಕೊಂಡು ಸೀಟಿ ಊದುತ್ತಿದ್ದಳು. ಮಕ್ಕಳು ಬರೆದುಕೊಂಡು ಬಂದ ಚೀಟಿಗಳನ್ನು ಗುಂಡಿಗೆ ಕಟ್ಟುವ ಕೆಲಸವನ್ನು ಬಾಯಮ್ಮನಿಗೆ ಕೊಟ್ಟರು. ಅವರು ಬೆಂಚಿನ ಮೇಲೆ ನೆಟ್ಟಗೆ ಕುಳಿತು ಒಬ್ಬೊಬ್ಬರದನ್ನೂ ಓದಿ, ಎರಡು ಗಂಟು ಹಾಕಿ, ಬೆನ್ನು ತಟ್ಟಿ ಕಳುಹಿಸುತ್ತಿದ್ದರು. ನಗುತ್ತಲೂ ಇದ್ದರು. ನನ್ನ ಅನುಮಾನ ಸರಿಯಾಯಿತೆಂದು ನಾನು ಮನಸ್ಸಿನಲ್ಲೇ ಬೀಗಿದೆ.

ಕೊನೆಯಲ್ಲಿ ನಮ್ಮ ಮೊಮ್ಮಗಳು ಬಂದಳು. ಬಾಯಮ್ಮ ಅವಳ ಚೀಟಿ ಓದಿದರು. ಕೈ ನಿಂತಿತು.

“ಇದೆಂತ ಬರ್ದದ್ದು?”

“ಚಿನ್ನಿ! ಮೈ ಹೋಮ್ ನೇಮ್, ಬಾಯಮ್ಮಜ್ಜಿ. ಮನೆ ನೆನಪಿರಲಿ ಅಂತ ಬರೀಬಹುದು ಅಂತ ಮಿಸ್ ಹೇಳಿದ್ರು,” ಎಂದು ಅವಳು ಎರಡು ಭಾಷೆ ಬೆರೆಸಿ ಉತ್ಸಾಹದಿಂದ ಹೇಳಿದಳು.

ಬಾಯಮ್ಮ ಚೀಟಿಯನ್ನು ಹರಿದರು. “ಪೂರ್ತಿ ಹೆಸರು ಬರಿ. ಅಪ್ಪನ ಹೆಸರು ಬರಿ. ಅಮ್ಮಂದು. ಊರು ಬರಿ. ಬರಿ ಮಗಾ, ಬೇಗ.” ಹೊಸ ಚೀಟಿ ಇರಲಿಲ್ಲ. ಟೀಚರ್ ಬಂದು, ಪರವಾಗಿಲ್ಲ, ಹೊತ್ತಾಯಿತು, ಹತ್ತಲಿ ಎಂದಳು. ಉಳಿದ ಮಕ್ಕಳೆಲ್ಲ ಹತ್ತಿಯಾಗಿತ್ತು. ಎಂಜಿನ್ ಕೂಗಿತು. ಬಾಯಮ್ಮ ಎದ್ದು ನಿಂತು ಹುಡುಗಿಯ ಮಣಿಕಟ್ಟು ಹಿಡಿದರು.

“ಇಲ್ಲ. ಇವಳನ್ನು ಕಳಿಸುದಿಲ್ಲ. ಇವಳ ಹೆಸರು ಬರೀಲಿಲ್ಲ.”

ಟೀಚರ್ ಮೆಲ್ಲಗೆ ಮಾತಾಡಿಸಿದಳು. ಗಾರ್ಡ್ ಬಂದ. ಮೊಮ್ಮಗಳು ಮೊದಲು ನಕ್ಕಳು, ಆಮೇಲೆ “ಹರ್ಟ್ಸ್, ಅಜ್ಜಾ, ಇಟ್ ಹರ್ಟ್ಸ್!” ಎಂದು ಅಳತೊಡಗಿದಳು. ಬಾಯಮ್ಮನಿಗೆ ಅದು ಕೇಳಿಸುತ್ತಿರಲಿಲ್ಲ. ಸಂಜೆಯ ಪ್ರಾರ್ಥನೆಯ ಸ್ವರದಲ್ಲಿ ಒಂದು ಹೆಸರನ್ನು, ತಂದೆಯ ಹೆಸರು, ಮನೆತನದ ಹೆಸರು ಸೇರಿಸಿ, ಮತ್ತೆ ಮತ್ತೆ ಹೇಳುತ್ತಿದ್ದರು. ಬರೆದುಕೊಳ್ಳುವವರು ಅಲ್ಲಿ ಯಾರೂ ಇರಲಿಲ್ಲ. ಎಲ್ಲರೂ ನನ್ನ ಕಡೆ ನೋಡಿದರು. ಹುಡುಗಿಯ ಬೆರಳ ತುದಿಗಳು ಕಪ್ಪಿಡುತ್ತಿದ್ದವು.

ನಾನು ಬಿಡಿಸಿದೆ. ಮಣಿಕಟ್ಟನ್ನು ಸುತ್ತಿಕೊಂಡ ಮುಷ್ಟಿಯನ್ನು ಒಮ್ಮೆಗೇ ಎಳೆದು ತೆಗೆಯಲಾಗುವುದಿಲ್ಲ. ತುದಿಯಿಂದ ಎಬ್ಬಿಸುತ್ತ ಬರಬೇಕು. ನಾನು ಮೊದಲು ಎಬ್ಬಿಸಿದ್ದು ಕಿರುಬೆರಳು. ಆಮೇಲೆ ಅದರ ಪಕ್ಕದ್ದು. ಮೂರನೆಯ ಬೆರಳಿಗೆ ಬಂದಾಗ ನಾನೇನು ಮಾಡುತ್ತಿದ್ದೇನೆಂದು ನನಗೆ ಹೊಳೆಯಿತು, ಆದರೂ ಕೈ ನಿಲ್ಲಿಸುವಂತಿರಲಿಲ್ಲ. ಏಳು ವರ್ಷದ ಹುಡುಗಿ ಊಹಿಸಿಕೊಳ್ಳಲಾರದ, ಯಾವ ಪುಸ್ತಕದಲ್ಲೂ ಬರೆಯದ ಸತ್ಯವೊಂದನ್ನು ನನ್ನದೇ ಬೆರಳುಗಳು ನನಗೆ ಪ್ರಮಾಣೀಕರಿಸುತ್ತಿದ್ದವು. ಹುಡುಗಿ ಓಡಿಹೋಗಿ ಹತ್ತಿದಳು. ರೈಲು ಹೊರಟಿತು. ಬಾಯಮ್ಮ ತೆರೆದ ತಮ್ಮ ಕೈಯನ್ನು ನೋಡಿ, ನನ್ನ ಮುಖ ನೋಡಿ, “ನೀವೇ ಬಿಡಿಸಿದ್ದಾ?” ಎಂದರು.

ಅದರ ಬಳಿಕ ನಡೆದದ್ದೆಲ್ಲ ಕ್ರಮಬದ್ಧವಾಗಿಯೇ ನಡೆಯಿತು. ಮೊಮ್ಮಗಳ ಕೈಯಲ್ಲಿ ನಾಲ್ಕು ದಿನ ನೀಲಿ ಗುರುತು ಇತ್ತು. ಶಾಲೆ ಒಂದು ಫಾರ್ಮ್ ತುಂಬಿಸಿಕೊಂಡಿತು. “ಅಪ್ಪಾ, ಅವರನ್ನ ಕರಕೊಂಡು ಹೋಗ್ರಿ ಅಂತ ನಿಮಗ ಯಾರು ಹೇಳಿದ್ರು?” ಎಂದು ಮಗಳು ಕೇಳಿದಳು. ವಾರ ಕಳೆಯುವುದರೊಳಗೆ ಬಾಯಮ್ಮನ ಮಗ ನಮ್ಮ ಬಾಗಿಲಲ್ಲಿ ನಿಂತಿದ್ದ.

“ಅಂಕಲ್, ಇನ್ನು ಮಮ್ಮಿಯನ್ನು ಒಬ್ಬರೇ ಬಿಟ್ಟು ನಾವಿಬ್ಬರೂ ಆಫೀಸಿಗೆ ಹೋಗ್ಲಿಕ್ಕೆ ಆಗುದಿಲ್ಲ. ಮೆಲ್ಬರ್ನಿನಲ್ಲಿ ನನ್ನ ಸಿಸ್ಟರ್ ಇದ್ದಾಳಲ್ಲ, ಕ್ಲೇಟನ್‌ನಲ್ಲಿ, ನರ್ಸ್. ಅವಳ ಹತ್ರ ಸೇಫ್.”

ಶಾಲೆಯ ಹಾಳೆಯಲ್ಲಿದ್ದುದೂ ಅದೇ ಪದ. ಹೊರಟ ದಿನ ಕಾರು ಹತ್ತುವಾಗ ಬಾಯಮ್ಮ ಯಾರ ಮಣಿಕಟ್ಟನ್ನೂ ಹಿಡಿಯಲಿಲ್ಲ. ಎರಡು ಕೈಗಳನ್ನೂ ಮಡಿಲಲ್ಲಿ ಇಟ್ಟುಕೊಂಡಿದ್ದರು. ನಾನು ಕಿಟಕಿಯ ಬಳಿ ಬಾಗಿ ಹೇಳಿದೆ: “ಬಾಯಮ್ಮ, ನಾ ಬರತೀನಿ. ನಿಮ್ಮ ಹೇಳಿಕಿ ಬರಕೋತೀನಿ. ಎಲ್ಲಾ ಕಡೆ ಪತ್ರ ಹಾಕೂಣು.”

ಎರಡು ತಿಂಗಳ ಬಳಿಕ, ಈ ದೇಶದಲ್ಲಿ ಮೊದಲ ಸಲ ಒಬ್ಬನೇ ವಿಮಾನ ಹತ್ತಿ ಮೆಲ್ಬರ್ನಿಗೆ ಹೋದೆ. ಕ್ಲೇಟನ್‌ನ ಆ ಮನೆಯ ಮುಂದಿನ ಕೋಣೆಯಲ್ಲಿ ಬಾಯಮ್ಮ ಕುರ್ಚಿಯೊಳಗೆ ಇಂಗಿಹೋದಂತೆ ಕುಳಿತಿದ್ದರು. ಹೊರಗೆ ವಿದ್ಯಾರ್ಥಿಗಳು ತುಂಬಿದ ಬಸ್ಸುಗಳು ಹಾಯುತ್ತಿದ್ದವು. ನಾನು ಕಾಗದ ಬಿಡಿಸಿ, ಸಾವಿರಾರು ಜನರನ್ನು ಕೇಳಿದಂತೆಯೇ ಕೇಳತೊಡಗಿದೆ: ಶಿಬಿರ ಎಲ್ಲಿತ್ತು, ಲಾರಿ ಯಾವ ಕಡೆ ಹೋಯಿತು, ಜೊತೆಯಲ್ಲಿ ಯಾರಿದ್ದರು. ಗೊತ್ತಿದ್ದುದನ್ನು ಹೇಳಿದರು, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎಂದರು.

“ಚೀಟಿ ಯಾವ ಬಣ್ಣದ್ದಿತ್ತು?”

ಅವರು ನನ್ನ ಕಾಗದದ ಕಡೆ ನೋಡಿದರು. “ಬಣ್ಣ ನೆನಪಿಲ್ಲ. ಬಣ್ಣ ಇಲ್ಲದಿದ್ರೆ ಇದು ನಡಿಯುದಿಲ್ವಾ?”

“ನಡೀತದ್ರೀ. ಸುಳ್ಳು ಸಾಕ್ಷಿಗೆ ಬಣ್ಣ ಬರೋಬ್ಬರಿ ನೆನಪಿರತದ. ನಾ ಭಾಳ ಮಂದಿನ್ನ ನೋಡೀನಿ.”

ನಾನು ಅವರಿಗೆ ನೀಡಿದ ಕ್ಷಮಾಪಣೆ ಅಷ್ಟೇ. ಅವರಿಗೆ ಅದು ತಿಳಿಯಿತೆಂದು ಭಾವಿಸುತ್ತೇನೆ, ಏಕೆಂದರೆ ಅಂದು ಮೊದಲ ಬಾರಿಗೆ ಮುಖದಲ್ಲಿ ಹಳೆಯ ತುಂಟತನ ಕಂಡಿತು. “ಹಾಗಾದ್ರೆ ಕೋರ್ಟು ನನ್ನನ್ನು ನಂಬಿತಾ?” ಎಂದರು. ಹೂಂ ಎಂದೆ. ಹೆಸರಿನ ಜಾಗ ಬಂದಾಗ ಅವರು ಹೇಳಿದರು, ನಾನು ಬರೆದೆ. ಪ್ರತಿ ಅಕ್ಷರವನ್ನೂ ಓದಿಸಿ ಕೇಳಿದರು.

ಹದಿನಾಲ್ಕು ಪತ್ರಗಳನ್ನು ಕಳುಹಿಸಿದೆವು. ಆ ಕಡೆಯ ಆಸ್ಪತ್ರೆಗಳಿಗೆ, ಬಿಷಪರ ಕಚೇರಿಗಳಿಗೆ, ಹೆಸರು ಬದಲಾಯಿಸಿಕೊಂಡು ಇನ್ನೂ ನಡೆಯುತ್ತಿದ್ದ ಅನಾಥಾಲಯಗಳಿಗೆ. ಎರಡಕ್ಕೆ ಉತ್ತರ ಬಂತು. ಒಂದು ಕಡೆ ಹಳೆಯ ಪುಸ್ತಕಗಳನ್ನು ಗೆದ್ದಲು ತಿಂದಿತ್ತು. ಇನ್ನೊಂದು ಕಡೆ ಸಾಲ್ವದೋರ್ ಇನಾಸ್ ಎಂಬ ಹೆಸರಿನ ಮಗು ತಮ್ಮಲ್ಲಿಗೆ ಎಂದೂ ಬಂದಿಲ್ಲವೆಂದು ಖಚಿತವಾಗಿ ತಿಳಿಸಿದ್ದರು. ಆ ಹೆಸರಿನಿಂದ ಬಂದಿರಲಾರನೆಂದು ನಾವೇ ಪತ್ರದಲ್ಲಿ ವಿವರಿಸಿದ್ದನ್ನು ಯಾರೂ ಓದಿರಲಿಲ್ಲ. ಭಾನುವಾರಗಳಂದು ಇಗರ್ಜಿಯ ಪೂಜೆ ಮುಗಿಸಿ ಬಾಯಮ್ಮ ಫೋನ್ ಮಾಡುತ್ತಿದ್ದರು. ನಮಸ್ಕಾರವಿಲ್ಲ, ಕ್ಷೇಮಸಮಾಚಾರವಿಲ್ಲ.

“ಬಂತಾ?”

“ಇನ್ನೂ ಇಲ್ರೀ.”

“ಬರ್ಲಿ.” ಅಷ್ಟಕ್ಕೆ ಫೋನ್ ಇಡುತ್ತಿದ್ದರು. ಕಡೆಕಡೆಗೆ ‘ಬಂತಾ’ ಎಂಬುದನ್ನು ಅವರ ಮಗಳೇ ಅವರ ಪರವಾಗಿ ಕೇಳುತ್ತಿದ್ದಳು. ಹಿಂದಿನಿಂದ ಉಸಿರಿನ ಸದ್ದು ಮಾತ್ರ ಕೇಳಿಸುತ್ತಿತ್ತು. ನಾಲ್ಕು ಭಾನುವಾರಗಳ ಕಾಲ ಹಾಗೆ ನಡೆಯಿತು. ಐದನೆಯದಕ್ಕೆ ಫೋನ್ ಬರಲಿಲ್ಲ.

ಮರುದಿನ ಮಧ್ಯಾಹ್ನ ಕ್ಲೇಟನ್‌ನಿಂದ ಅವರ ಮಗ ಮಾತಾಡಿದ. ಮಾಡಬೇಕಾದ ಕೆಲಸಗಳ ಪಟ್ಟಿಯನ್ನು ಹಿಡಿದುಕೊಂಡಿದ್ದ.

“ಅಂಕಲ್, ಫ್ಯೂನರಲ್ ಲೀಫ್‌ಲೆಟ್ ಪ್ರಿಂಟಿಗೆ ಹೋಗ್ಬೇಕು. ಬಾಬು ಮಾಮನ ಹೆಸರು ಪೂರ್ತಿ ಹಾಕ್ಬೇಕು ಅಂತ ಮಮ್ಮಿ ಹೇಳಿದ್ರು. ಇದ್ರಲ್ಲಿ ಎರಡು ಲಿಸ್ಟ್ ಉಂಟು. ಮೊದಲೇ ತೀರಿಹೋದವರದ್ದು ಒಂದು, ಈಗ ದುಃಖದಲ್ಲಿ ಉಳಿದಿರುವವರದ್ದು ಒಂದು. ಸಿಸ್ಟರ್ ಒಂದು ಹೇಳ್ತಾಳೆ, ನಾನು ಒಂದು ಹೇಳ್ತೇನೆ. ನೀವು ಎಲ್ಲ ಓದಿ ನೋಡಿದವರು. ಯಾವುದ್ರಲ್ಲಿ ಹಾಕುದು?”

ಹತ್ತು ನಿಮಿಷ ಕೊಡು ಎಂದೆ. ಆ ಹತ್ತು ನಿಮಿಷದಲ್ಲಿ ನಾನು ಸಾಕ್ಷ್ಯವನ್ನೆಲ್ಲ ಮತ್ತೊಮ್ಮೆ ಮುಂದಿಟ್ಟುಕೊಂಡೆ. ನಾಲ್ಕು ವರ್ಷದ ಮಗು, ಸುಡುವ ಜ್ವರ. ಆ ಶಿಬಿರಗಳಲ್ಲಿ ಮಕ್ಕಳು ಸತ್ತ ಬಗೆಯನ್ನು ಒಂದು ಚಳಿಗಾಲವಿಡೀ ಓದಿದ್ದೆ. ಬದುಕಿ ಉಳಿದಿದ್ದರೂ ಈಗ ಎಂಬತ್ತೈದು ದಾಟಿರಬೇಕು. ಹದಿನಾಲ್ಕು ಪತ್ರಗಳಲ್ಲಿ ಒಂದೂ ಅವನ ಪರವಾಗಿ ಮಾತಾಡಿರಲಿಲ್ಲ. ನ್ಯಾಯವಾಗಿ ಯೋಚಿಸುವ ಯಾರಿಗಾದರೂ ಉತ್ತರ ಒಂದೇ. ಆ ಉತ್ತರವನ್ನು ಎಂಬತ್ತು ವರ್ಷ ಒಪ್ಪದೆ ಬದುಕಿದ ಒಬ್ಬ ಅಕ್ಕನ ಹೆಸರು ಅದೇ ಹಾಳೆಯ ತುದಿಯಲ್ಲಿ ಅಚ್ಚಾಗಲಿತ್ತು.

ನಾನೇ ಫೋನ್ ಮಾಡಿದೆ.

“ಇರೋರ ಒಳಗ ಹಾಕಪಾ.”

“ಶ್ಯೂರಾ, ಅಂಕಲ್?”

“ಇಲ್ಲ,” ಎಂದೆ. “ಹಾಕು.”